ನನ್ನ ಫೋನೂ ಹೆಂಡತಿಯ ತಾಳಮದ್ದಳೆಯೂ

ಫೋನು ಇಟ್ಟುಕೊಂಡವರಿಗೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ಆದರೆ ನನಗೆ ಆಗುವಷ್ಟು ಮುಂಬಯಿ ಹತ್ತಿರದ ಈ ಇಡೀ ಡೊಂಬಿವಲಿಯಲ್ಲಿ ಬೇರೆ ಯಾರಿಗೂ ಆಗುವುದಿಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹೇಳಿದ್ದನ್ನು ಸುಲಭದಲ್ಲಿ ಒಪ್ಪುವ ಜನ ನಾನಲ್ಲ. ಇದೊಂದನ್ನು ಮಾತ್ರ ಒಪ್ಪುತ್ತೇನೆ.

ನಾನು ಎಂಐಡಿಸಿ ಕಡೆಯ, ಅಂದರೆ ಕಾರ್ಖಾನೆಗಳ ಏರಿಯಾದ, ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಊರು ಉಡುಪಿ ಹತ್ತಿರ, ಆದರೆ ಊರಿಗಿಂತ ಹೆಚ್ಚು ವರ್ಷ ಇಲ್ಲಿಯೇ ಕಳೆದಾಯಿತು. ಮನೆಯಲ್ಲಿ ನಾವಿಬ್ಬರು ತುಳು ಮಾತಾಡುತ್ತೇವೆ, ಮಗಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಅವಳಿಗೆ ಖಾರಘರದಲ್ಲಿ ಕೆಲಸ, ಅಲ್ಲಿಯೇ ಗೆಳತಿಯರ ಜೊತೆ ಇರುತ್ತಾಳೆ, ರಜೆಗೆ ಬರುತ್ತಾಳೆ.

ಮಗಳು ಕೆಲಸಕ್ಕೆ ಹೋದ ಮೇಲೆ ನನ್ನ ಹೆಂಡತಿ ನಮ್ಮವರ ಸಂಘದ ಮಹಿಳಾ ತಾಳಮದ್ದಳೆ ತಂಡಕ್ಕೆ ಸೇರಿದಳು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಸಾಲಾಗಿ ಕೂತವರು ತಮ್ಮ ತಮ್ಮ ಪಾತ್ರವಾಗಿ ಅದಕ್ಕೆ ಅರ್ಥ ಹೇಳುತ್ತಾರೆ. ಬರೆದಿಟ್ಟ ಮಾತಲ್ಲ ಅದು, ಆ ಗಳಿಗೆಗೆ ಬಾಯಿಗೆ ಬಂದ ಮಾತು. ಇವತ್ತು ಬಂದದ್ದು ನಾಳೆ ಬರುವುದಿಲ್ಲ. ಎರಡು ವರ್ಷ ಸಖಿ, ದೂತಿ ಅಂತ ನಾಲ್ಕು ಮಾತಿನ ಪಾತ್ರ ಮಾಡಿದವಳಿಗೆ ಕಳೆದ ವರ್ಷ ಸಂಘದ ವಾರ್ಷಿಕೋತ್ಸವಕ್ಕೆ ಮೊದಲ ಸಲ ದೊಡ್ಡ ಪಾತ್ರ ಸಿಕ್ಕಿತು. ಯುದ್ಧಕ್ಕೆ ಹೊರಟ ಮಗನನ್ನು ಕಳಿಸಿಕೊಡಬೇಕಾದ ತಾಯಿ. ಆಗ ಅವಳು ನನ್ನಲ್ಲಿ ಕೇಳಿದ್ದು ಒಂದೇ.

"ನಾನು ಮಾತಾಡುವುದನ್ನು ಪೂರ್ತಿ ರೆಕಾರ್ಡ್ ಮಾಡಿ ಕೊಡಿ. ಅಲ್ಲಿ ಕೂತ ಮೇಲೆ ಏನು ಹೇಳಿದೆ ಅಂತ ನನಗೇ ನೆನಪಿರುವುದಿಲ್ಲ. ಒಂದು ಸಲ ನನ್ನ ಮಾತು ನಾನೇ ಕೇಳಬೇಕು."

"ಅದೆಂತ ದೊಡ್ಡ ಕೆಲಸ ಮಾರಾಯ್ತಿ" ಅಂದೆ. ಹಾಗೆ ಅಂದವನ ಕಥೆ ಇದು.

೧. ಗಲ್ಲಾ ಪಕ್ಕದ ಪ್ಲಗ್ಗು

ಆ ಪಾತ್ರ ಸಿಕ್ಕಿದ ಸುದ್ದಿ ನನಗೆ ತಲುಪಿದ ರೀತಿಯಿಂದಲೇ ಶುರು ಮಾಡುತ್ತೇನೆ.

ನಮ್ಮ ಹೋಟೆಲಿನಲ್ಲಿ ಗಲ್ಲಾ ಪಕ್ಕ ಒಂದು ಎಕ್ಸ್‌ಟೆನ್ಶನ್ ಬೋರ್ಡು ಉಂಟು. ಅದು ಇಡೀ ಎಂಐಡಿಸಿಗೆ ಗೊತ್ತು. ಇಡ್ಲಿ ತಿನ್ನಲು ಬರುವವರಿಗಿಂತ ಹೆಚ್ಚು ಜನ "ಸೇಠ್, ಜರಾ ಲಗಾ ದೋ ನಾ" ಅಂತ ಚಾರ್ಜರ್ ಹಿಡಿದುಕೊಂಡು ಬರುತ್ತಾರೆ. ಬೇಡ ಅನ್ನಲು ಬಾಯಿ ಬರುವುದಿಲ್ಲ. ಅವರಲ್ಲಿ ಒಬ್ಬ ಗಿರಾಕಿ ಮಾತ್ರ ನನ್ನ ತಾಳ್ಮೆ ಪರೀಕ್ಷೆ ಮಾಡಲೆಂದೇ ಹುಟ್ಟಿದವನು. ಒಂದು ಕಟಿಂಗ್ ಚಹಾ, ಎರಡು ಗಂಟೆ ಚಾರ್ಜಿಂಗು. ಮೇಲೆ ಫ್ಯಾನು ಜೋರು ಮಾಡಿ ಅಂತ ಹುಕುಂ ಬೇರೆ.

ಒಂದು ದಿನ ನನಗೆ ರೇಗಿ ಹೋಯಿತು. ಅವನು ಕೈ ತೊಳೆಯಲು ಒಳಗೆ ಹೋದದ್ದೇ, ಬೋರ್ಡಿನಿಂದ ಅವನ ಪ್ಲಗ್ಗು ಎಳೆದು ಹಾಕಿದೆ. ಈಗ ನೋಡು ಮಗನೇ, ಅಂತ ಏನೂ ಗೊತ್ತಿಲ್ಲದವನ ಹಾಗೆ ಕೂತೆ. ಅವನು ಬಂದ, ತನ್ನ ಫೋನು ತೆಗೆದುಕೊಂಡ, ನೋಡಿದ. "ಫುಲ್ ಹೋ ಗಯಾ ಸೇಠ್, ಥ್ಯಾಂಕ್ಯೂ" ಅಂತ ನಗುತ್ತಾ ಹೋದ. ನಾನು ಎಳೆದದ್ದು ನನ್ನದೇ ಪ್ಲಗ್ಗು.

ಅದು ಗೊತ್ತಾದದ್ದು ಮಧ್ಯಾಹ್ನದ ಊಟದ ರಶ್ಶು ಮುಗಿದ ಮೇಲೆ. ಫೋನು ಸತ್ತು ಬಿದ್ದಿತ್ತು. ಜೀವ ಬರಿಸಿ ನೋಡಿದರೆ ಹೆಂಡತಿಯ ಹದಿನೇಳು ಮಿಸ್ಡ್ ಕಾಲ್. ಗಾಬರಿಯಲ್ಲಿ ಫೋನು ಮಾಡಿ "ಎಂತಾಯ್ತು?" ಅಂದೆ.

"ಎಂತ ಆಗಲಿಲ್ಲ. ದೊಡ್ಡ ಪಾತ್ರ ಸಿಕ್ಕಿದ್ದು ಮೊದಲು ನಿಮಗೆ ಹೇಳಬೇಕು ಅಂತಿತ್ತು. ನೀವು ಎತ್ತಲಿಲ್ಲ. ಎದುರು ಮನೆಯವರಿಗೆ, ತರಕಾರಿಯವನಿಗೆ, ವಾಚ್‌ಮನ್‌ಗೆ ಎಲ್ಲ ಹೇಳಿ ಆಯಿತು. ಈಗ ನನ್ನ ಉಮೇದು ಮುಗಿಯಿತು. ಎಂತ ಪಾತ್ರ ಅಂತ ಬರುವಾಗ ವಾಚ್‌ಮನ್ ಹತ್ತಿರ ಕೇಳಿಕೊಂಡು ಬನ್ನಿ."

೨. ಆಯುಧ ಪೂಜೆ

ರೆಕಾರ್ಡ್ ಮಾಡಿ ಕೊಡಿ ಅಂತ ಅವಳು ಕೇಳಿದ್ದು ಅದಾದ ಎರಡು ದಿನಕ್ಕೆ. ಈ ಸಲವಾದರೂ ಎಡವಟ್ಟು ಆಗಬಾರದು ಅಂತ ನಾನು ಫೋನಿನ ಮೇಲೆ ವಿಶೇಷ ಭಕ್ತಿ ಇಟ್ಟೆ. ಅದೇ ತಪ್ಪಾಯಿತು.

ನಮ್ಮಲ್ಲಿ ಆಯುಧ ಪೂಜೆ ಅಂದರೆ ಮನೆಯಲ್ಲಿ ಕೆಲಸ ಮಾಡುವ ಸಾಮಾನಿಗೆಲ್ಲ ಪೂಜೆ. ಮಿಕ್ಸರ್, ತರಕಾರಿ ಹೆಚ್ಚುವ ಮೆಟ್ಟುಕತ್ತಿ, ಹೊಲಿಗೆ ಮೆಶಿನ್, ಕತ್ತರಿ, ಎಲ್ಲದಕ್ಕೂ ಗಂಧ, ಕುಂಕುಮ, ಒಂದೊಂದು ಹೂವು. ಸಾಲಿನ ಕೊನೆಗೆ ನಾನೇ ನನ್ನ ಫೋನು ಇಟ್ಟೆ. "ಅದಕ್ಕೆ ಒಂದು ಹೂವು ಸಾಕು" ಅಂದಳು ಹೆಂಡತಿ. ಕೇಳಿದೆನಾ? ನಾಲ್ಕು ಮೂಲೆಗೆ ಗಂಧ ಹಚ್ಚಿ, ಮಧ್ಯ ಕುಂಕುಮ ಇಟ್ಟು, "ವಾರ್ಷಿಕೋತ್ಸವದ ದಿನ ಕೈಕೊಡಬೇಡ ಮಾರಾಯ" ಅಂತ ಮನಸ್ಸಿನಲ್ಲೇ ಬೇಡಿಕೊಂಡು, ಮುಷ್ಟಿ ತುಂಬ ಅಕ್ಷತೆ ಹಾಕಿದೆ. ಒದ್ದೆ ಅರಸಿನದ ಅಕ್ಷತೆ. ನಾನು ಫೋನನ್ನು ತಲೆಕೆಳಗಾಗಿ ಒರಗಿಸಿಟ್ಟದ್ದು, ಚಾರ್ಜಿಂಗ್ ತೂತು ಮೇಲ್ಮುಖವಾಗಿ ಉಂಟು ಅಂತ ನನ್ನ ತಲೆಗೇ ಹೋಗಲಿಲ್ಲ.

ಮರುದಿನದಿಂದ ಚಾರ್ಜಿಂಗ್ ಬಂದ್. ವೈರು ಒಳಗೆ ಹೋಗುವುದೇ ಇಲ್ಲ. ಸ್ಟೇಷನ್ ಪಕ್ಕದ ಗಲ್ಲಿಯಲ್ಲಿ ಒಬ್ಬ ರಿಪೇರಿಯವನಿದ್ದಾನೆ, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕೂತಿರುತ್ತಾನೆ. ಫೋನು ಕೈಯಲ್ಲಿ ಹಿಡಿದು, ತೂತಿನೊಳಗೆ ಬಹಳ ಹೊತ್ತು ನೋಡಿದ. ಸೂಜಿ ಹಾಕಿ ಒಂದು ಅಕ್ಕಿ ಕಾಳು ಹೊರಗೆ ತೆಗೆದ. ಇನ್ನೊಂದು ತೆಗೆದ. ಆಮೇಲೆ ಸ್ವಲ್ಪ ಕುಂಕುಮ. ಎಲ್ಲವನ್ನೂ ಒಂದು ಕಾಗದದ ಮೇಲೆ ಸಾಲಾಗಿ ಇಟ್ಟು, ಸ್ವಲ್ಪವೂ ನಗದೆ ಮರಾಠಿಯಲ್ಲಿ ಕೇಳಿದ.

"ಕಾಕಾ, ಇದರ ಮದುವೆ ಇತ್ತಾ?"

ಅಂದಿನಿಂದ ಆ ಫೋನು ನೆಟ್ಟಗೆ ಚಾರ್ಜ್ ಆದದ್ದಿಲ್ಲ. ವೈರನ್ನು ಒಂದು ಕಡೆ ಬಗ್ಗಿಸಿ, ಮೇಲೆ ತುಂಬಿದ ನೀರಿನ ಚೊಂಬು ಇಟ್ಟರೆ ಮಾತ್ರ ಚಾರ್ಜ್ ಏರುತ್ತಿತ್ತು. "ಪಪ್ಪಾ, ನಯಾ ಲೇ ಲೋ ನಾ" ಅಂತ ಮಗಳು ಎಷ್ಟು ಹೇಳಿದಳು! ಇನ್ನೂ ಗಟ್ಟಿ ಉಂಟು ಅಂದೆ. ಆಗಲೇ ಅವಳ ಮಾತು ಕೇಳಬಾರದಿತ್ತಾ ಅಂತ ಈಗ ಅನ್ನಿಸುತ್ತದೆ.

೩. ದರ್ಶನ

ನವೆಂಬರಿನಲ್ಲಿ ನಾವು ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆವು. ಟಿಟ್ವಾಳಾಕ್ಕೆ ಹೋಗಿ ಗಣಪತಿಗೆ ಒಂದು ಪೂಜೆ ಕೊಡುವ, ನಿನ್ನ ಪಾತ್ರವೂ ಸುಸೂತ್ರ ಆಗಲಿ ಅಂತ ನಾನೇ ಹೊರಡಿಸಿದೆ. ಕಲ್ಯಾಣದಲ್ಲಿ ರಸ್ತೆ ಬದಿಯವನ ಹತ್ತಿರ ಫೋನು ನಿಲ್ಲಿಸುವ ಒಂದು ಸ್ಟ್ಯಾಂಡು ಕೊಂಡೆ. ರಬ್ಬರಿನ ಬಾಯಿ ಒತ್ತಿದರೆ ಗಾಜಿಗೆ ಕಚ್ಚಿ ಹಿಡಿಯುವಂಥದ್ದು. ಅದಕ್ಕೆ ಸರಿಯಾದ ಜಾಗ ಇದ್ದದ್ದು ಒಂದೇ, ಅಲ್ಲಿ ಹೆಂಡತಿ ಮೊದಲೇ ಪುಟ್ಟ ಗಣಪತಿಯನ್ನು ಕೂರಿಸಿದ್ದಳು.

"ದೇವರಿಗೆ ಅಡ್ಡ ಫೋನು ಇಡ್ತೀರಾ?" ಅಂದಳು.

"ದೇವರು ದಾರಿ ತೋರಿಸುವುದಿಲ್ಲ, ಇದು ತೋರಿಸ್ತದೆ" ಅಂದೆ.

ಕಾರು ಹೊರಟ ಮೇಲೆ ಅವಳು ತನ್ನ ಅರ್ಥ ಅಭ್ಯಾಸ ಮಾಡಲು ಶುರು ಮಾಡಿದಳು. "ಮಗನೇ..." ಅಂತ ಅವಳು ಒಂದು ಮಾತು ಎತ್ತುವುದು, "ದೋ ಸೌ ಮೀಟರ್ ಮೇ ಬಾಯೇಂ ಮುಡೇಂ" ಅಂತ ಫೋನಿನ ಹೆಂಗಸು ಮಧ್ಯೆ ಬಾಯಿ ಹಾಕುವುದು. ನಾನು ಹೆಂಡತಿಗೆ "ಶ್, ಸ್ವಲ್ಪ ಸುಮ್ಮನಿರು, ಅವಳು ಎಂತ ಹೇಳ್ತಾಳೆ ಕೇಳ್ತಾ ಇಲ್ಲ" ಅಂದೆ. ಹಾಗೆ ನಾಲ್ಕು ಸಲ. ಐದನೆಯ ಸಲ ಅವಳು ಮಗನನ್ನು ಕರೆಯಲೇ ಇಲ್ಲ, ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಟಿಟ್ವಾಳಾ ಹತ್ತಿರ ಬಂದಾಗ ಒಂದೇ ಮಾತು ಹೇಳಿದಳು. "ಹೂವು, ತೆಂಗಿನಕಾಯಿ ಹಿಡಿದುಕೊಂಡವರೆಲ್ಲ ಆ ಕಡೆ ಹೋಗ್ತಾ ಇದ್ದಾರೆ." ಶ್ ಅಂದೆ.

ಫೋನಿನ ಹೆಂಗಸು ನಮ್ಮನ್ನು ಒಂದು ದೊಡ್ಡ ಕಮಾನಿನ ಎದುರು ತಂದು "ಆಪ್ ಪಹುಂಚ್ ಗಯೇ" ಅಂದಳು. ಕಮಾನಿನ ಮೇಲೆ ಗಣಪತಿಯ ಹೆಸರೇ ಇತ್ತು. ಒಳಗೆ ಹೋದರೆ ಟೈ ಕಟ್ಟಿದ ಒಬ್ಬ ಓಡಿ ಬಂದು ಕಾರಿನ ಬಾಗಿಲು ತೆಗೆದ. ಅದು ಹೊಸ ಫ್ಲ್ಯಾಟುಗಳ ಸ್ಕೀಮು. "ಆಯಿಯೇ ಸರ್, ಆಯಿಯೇ ಮ್ಯಾಡಮ್" ಅಂತ ಅವನು ತೋರಿಸಿದ ಗೌರವಕ್ಕೆ, ದಾರಿ ತಪ್ಪಿ ಬಂದೆವು ಅನ್ನಲು ನನಗೆ ನಾಚಿಕೆಯಾಯಿತು. ತಣ್ಣಗಿನ ನೀರು ಕೊಟ್ಟ, ಚಹಾ ಕೊಟ್ಟ, ಸ್ಯಾಂಪಲ್ ಫ್ಲ್ಯಾಟಿನ ಹಾಲ್, ಅಡಿಗೆ ಮನೆ, ಬಾತ್‌ರೂಮು ಎಲ್ಲ ತೋರಿಸಿದ. ಹೊರಟು ದೇವಸ್ಥಾನ ಮುಟ್ಟುವಾಗ ಮಧ್ಯಾಹ್ನಕ್ಕೆ ಬಾಗಿಲು ಹಾಕಿತ್ತು. ಪೂಜೆಯ ಬುಟ್ಟಿ ಮಡಿಲಲ್ಲಿ ಇಟ್ಟುಕೊಂಡು ಹೆಂಡತಿ ಹೇಳಿದಳು:

"ಬಂದದ್ದು ವ್ಯರ್ಥ ಅಲ್ಲ ಬಿಡಿ. ಬಾತ್‌ರೂಮಿನ ದರ್ಶನ ಚೆನ್ನಾಗಿ ಆಯಿತು."

೪. ನಾಲ್ಕು ನೀಲಿ ಲೈಟು

ಫೋನಿನ ಬ್ಯಾಟರಿ ನಂಬುವ ಹಾಗಿಲ್ಲ ಅಂತ ಆಗ ನನಗೂ ಹೊಳೆಯಿತು. ಒಂದು ಪವರ್ ಬ್ಯಾಂಕ್ ಇಟ್ಟುಕೊಂಡರೆ ಒಳ್ಳೆಯದು. ಥಾಣೆಯಿಂದ ಬರುವ ಸ್ಲೋ ಲೋಕಲ್ ಟ್ರೈನಿನಲ್ಲಿ ಒಬ್ಬ ಮಾರುತ್ತಿದ್ದ. ಕೈಯಲ್ಲಿ ಹಿಡಿದರೆ ಒಳ್ಳೆ ಭಾರ, ಗುಂಡಿ ಒತ್ತಿದರೆ ನಾಲ್ಕು ನೀಲಿ ಲೈಟು. ಭಾರ ಉಂಟು ಅಂದರೆ ಒಳಗೆ ಮಾಲು ಉಂಟು ಅಂತ ನನ್ನ ಲೆಕ್ಕಾಚಾರ. ಕೊಂಡೆ.

ನಾಲ್ಕು ಲೈಟು ನಾಲ್ಕೇ. ಚಾರ್ಜ್ ಮಾಡಿದರೂ ನಾಲ್ಕು, ಮಾಡದಿದ್ದರೂ ನಾಲ್ಕು. ಫೋನಿಗೆ ಹಾಕಿದರೆ ಮಾತ್ರ ಒಂದು ಪರ್ಸೆಂಟೂ ಏರಲಿಲ್ಲ. ಒಂದು ಭಾನುವಾರ ಖಾರಘರಕ್ಕೆ ಹೋದಾಗ ಮಗಳಿಗೆ ತೋರಿಸಿದೆ. ನೋಡಿದ ಕೂಡಲೇ "ಪಪ್ಪಾ, ಯೇ ನಕಲಿ ಹೈ" ಅಂದಳು. ನನಗೆ ಸಿಟ್ಟು ಬಂತು. ಈಗಿನ ಮಕ್ಕಳು ನಿಮಗೆ ದುಡ್ಡು ಹೆಚ್ಚು ಕೊಟ್ಟದ್ದು ಮಾತ್ರ ಅಸಲಿ, ಹಾಗೆ ಹೀಗೆ ಅಂತ ದೊಡ್ಡ ಭಾಷಣ ಬಿಗಿದೆ. ಅವಳು ಒಂದು ಸ್ಕ್ರೂಡ್ರೈವರ್ ತಂದು ಮುಚ್ಚಳ ತೆಗೆದಳು. ಒಳಗೆ ಹೆಬ್ಬೆರಳಿನಷ್ಟು ಬ್ಯಾಟರಿ. ಉಳಿದ ಜಾಗದಲ್ಲಿ ಒತ್ತಿ ಒತ್ತಿ ತುಂಬಿದ ಮಣ್ಣು.

"ಮೇರಾ ಲೇ ಜಾವೋ" ಅಂತ ತನ್ನ ಪವರ್ ಬ್ಯಾಂಕ್ ಕೊಡಲು ಬಂದಳು. ಅಷ್ಟು ಭಾಷಣ ಮಾಡಿದ ಮೇಲೆ ತೆಗೆದುಕೊಳ್ಳಲು ಮುಖ ಬೇಕಲ್ಲ? ಬೇಡ ಅಂದೆ. ಆ ಒಂದು ಬೇಡಕ್ಕೆ ನಾನು ಎಷ್ಟು ಕೊರಗಿದ್ದೇನೆ ಅಂತ ನನಗೇ ಗೊತ್ತು. ಅವಳು ನನ್ನದರ ಮುಚ್ಚಳ ಹಾಕಿ ವಾಪಸ್ ಕೈಗೆ ಕೊಟ್ಟಳು.

"ಬಿಸಾಡಬೇಡಿ ಪಪ್ಪಾ. ತುಳಸಿ ನೆಡಬಹುದು" ಅಂದಳು. ಅದನ್ನು ಮಾತ್ರ ಅಚ್ಚ ತುಳುವಿನಲ್ಲಿ ಹೇಳಿದಳು.

೫. ವಾರ್ಷಿಕೋತ್ಸವ

ಅಂತೂ ಆ ಭಾನುವಾರ ಬಂತು. ಥಾಣೆಯ ಒಂದು ಹಾಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ. ಫೋನನ್ನು ಚೊಂಬಿನ ಕೆಳಗೆ ಇಟ್ಟು ನೂರು ಪರ್ಸೆಂಟ್ ಮಾಡಿಕೊಂಡೇ ಹೊರಟೆ. ಮೊದಲ ಸಾಲಿನ ಮಧ್ಯದಲ್ಲಿ ಕೂತೆ. ಪಕ್ಕದಲ್ಲಿ ಮಗಳು. ತಂಡದವರ ಮನೆಯವರೆಲ್ಲ ಫೋನು ಹೊರಗೆ ತೆಗೆದಾಗ ನಾನು ಎದ್ದು ನಿಂತು ಹೇಳಿದೆ, "ಯಾರೂ ಕಷ್ಟಪಡಬೇಡಿ. ನಾನು ಪೂರ್ತಿ ಮಾಡ್ತೇನೆ, ಗ್ರೂಪಿಗೆ ಹಾಕ್ತೇನೆ. ನೀವು ಆರಾಮಾಗಿ ಕೂತು ಕೇಳಿ." ಮಗಳು ತನ್ನ ಫೋನು ಎತ್ತಿದ್ದಳು. ಅವಳ ಕೈಯನ್ನೂ ಕೆಳಗೆ ಒತ್ತಿದೆ.

ಆದರೆ ನಮ್ಮವರ ಕಾರ್ಯಕ್ರಮದಲ್ಲಿ ಮೊದಲು ದೀಪ, ಆಮೇಲೆ ಸ್ವಾಗತ, ಆಮೇಲೆ ಶಾಲು, ಆಮೇಲೆ ಇನ್ನಷ್ಟು ಶಾಲು. ಮುಖ್ಯ ಅತಿಥಿಗಳು ಒಬ್ಬ ಉದ್ಯಮಿ, ನನ್ನ ಕೈಯಲ್ಲಿ ಫೋನು ನೋಡಿದವರೇ ವೇದಿಕೆಯಿಂದಲೇ ಬಗ್ಗಿ, "ನೀವು ವಿಡಿಯೋದವರಾ? ನನ್ನದೂ ಸ್ವಲ್ಪ ಮಾಡಿ" ಅಂದರು. ಆಗುವುದಿಲ್ಲ ಅಂತ ಒಂದು ಮಾತು ಬಾಯಿಂದ ಬರಬೇಕಲ್ಲ? ಬರಲಿಲ್ಲ. ಮಾತೃಭಾಷೆಯ ಮೇಲೆ ಮೂವತ್ತೆಂಟು ನಿಮಿಷ ಮಾತಾಡಿದರು, ಅರ್ಧ ಇಂಗ್ಲಿಷಿನಲ್ಲಿ. ಅವರು ಕೂರುವಾಗ ನನ್ನ ಫೋನು ಮೂವತ್ತೊಂದಕ್ಕೆ ಇಳಿದಿತ್ತು.

ಭಾಗವತರು ತಾಳ ಹಿಡಿದರು. ಮೂವತ್ತೊಂದರಲ್ಲಿ ಇಡೀ ಪ್ರಸಂಗ ಮುಗಿಯಬೇಕು. ಚಾರ್ಜ್ ಉಳಿಸಲು ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಮಾಡಿದೆ. ನೆಟ್ ಬಂದ್ ಮಾಡಿದೆ, ಶಬ್ದ ಬಂದ್ ಮಾಡಿದೆ, ಸ್ಕ್ರೀನಿನ ಬೆಳಕನ್ನು ತಳಕ್ಕೆ ಇಳಿಸಿದೆ. ಎಷ್ಟು ಅಂದರೆ ಕಪ್ಪು ಬಿಟ್ಟು ಏನೂ ಕಾಣದಷ್ಟು. ಹೆಂಡತಿಯ ಸರದಿ ಬಂದಾಗ ಕೆಂಪು ಗುಂಡಿ ಒತ್ತಿದೆ. ಸರಿಯಾಗಿ ಒತ್ತಿತೋ ಇಲ್ಲವೋ ಅಂತ ಸಂಶಯ ಬಂದು ಇನ್ನೊಂದು ಸಲವೂ ಒತ್ತಿದೆ.

ಆಮೇಲೆ ನನ್ನ ಕಣ್ಣು ಇದ್ದದ್ದು ಒಂದೇ ಕಡೆ. ಬೆರಳಿನಿಂದ ಮೇಲಿನ ಪಟ್ಟಿ ಎಳೆಯುವುದು, ಕಣ್ಣು ಕಿರಿದು ಮಾಡಿ ಬ್ಯಾಟರಿ ಎಷ್ಟು ಅಂತ ನೋಡುವುದು, ಬಿಡುವುದು. ಇಪ್ಪತ್ತೆಂಟು. ಇಪ್ಪತ್ತನಾಲ್ಕು. ಹತ್ತೊಂಬತ್ತು. ದೇವರೇ, ಬೇಗ ಮುಗಿಸಲಿ. ಎದುರು ಹೆಂಡತಿಯ ದನಿ ಏರುತ್ತಿತ್ತು, ಇಳಿಯುತ್ತಿತ್ತು. ಹಾಲ್‌ನಲ್ಲಿ ಒಬ್ಬರೂ ಕೆಮ್ಮುತ್ತಿರಲಿಲ್ಲ. ಒಂದು ಕಡೆ ಅವಳು ಏನೋ ಹೇಳಿ ನಿಲ್ಲಿಸಿದಳು, ಇಡೀ ಹಾಲ್ ಚಪ್ಪಾಳೆ ತಟ್ಟಿತು. ಮಗಳು ಎದ್ದು ನಿಂತು ತಟ್ಟಿದಳು. ಕೈ ಅಲುಗಬಾರದು ಅಂತ ನಾನು ತಟ್ಟಲಿಲ್ಲ.

ಮುಗಿದ ಮೇಲೆ ಜನ ಅವಳನ್ನು ಸುತ್ತಿಕೊಂಡರು. "ಎಂಥ ಮಾತು ಅಕ್ಕ! ಕಣ್ಣಲ್ಲಿ ನೀರು ತರಿಸಿದಿರಿ" ಅಂತ ಒಬ್ಬರು. ಭಾಗವತರು ಅವಳಿಗೆ ಕೈ ಮುಗಿದರು. ಅವಳು ಎಲ್ಲರನ್ನೂ ದಾಟಿಕೊಂಡು ನನ್ನ ಹತ್ತಿರ ಬಂದಳು. ಮುಖ ಕೆಂಪಾಗಿತ್ತು, ಉಸಿರು ಇನ್ನೂ ಜೋರಾಗಿತ್ತು.

"ಬಂತಾ?" ಅಂದಳು.

"ಪೂರ್ತಿ ಬಂತು" ಅಂದೆ.

ಮನೆಗೆ ಬಂದು ಅವಳು ಸೀರೆ ಕೂಡ ಬದಲಿಸಲಿಲ್ಲ. ಚಹಾ ಮಾಡಿ ತಂದು, ಮೇಜಿನ ಮೇಲೆ ಡಬ್ಬಕ್ಕೆ ಒರಗಿಸಿ ಫೋನು ನಿಲ್ಲಿಸಿ, ನನ್ನನ್ನೂ ಮಗಳನ್ನೂ ಎರಡು ಕಡೆ ಕೂರಿಸಿಕೊಂಡು ನಡುವೆ ಕೂತಳು. ಒತ್ತಿದೆ. ಅವಳು ಬಾಯಿ ತೆರೆದದ್ದು ಕಂಡಿತು. "ಮ" ಅಂತ ಒಂದು ಶಬ್ದ ಬಂತು. ಮುಗಿಯಿತು. ಇಡೀ ವಿಡಿಯೋ ಒಂದು ಸೆಕೆಂಡ್. ಎರಡನೆಯ ಸಲ ಒತ್ತಿದ್ದು ಅದನ್ನು ನಿಲ್ಲಿಸಿತ್ತು. ನಾವು ಮೂವರೂ ಬೆಪ್ಪಾಗಿ ನೋಡುತ್ತಿದ್ದ ಹಾಗೆಯೇ ಮುಂದಿನ ವಿಡಿಯೋ ತಾನಾಗಿಯೇ ಶುರುವಾಯಿತು. "ಲೇಡೀಸ್ ಅಂಡ್ ಜಂಟಲ್‌ಮೆನ್, ಮಾತೃಭಾಷೆ ಅಂದರೆ..." ಮೂವತ್ತೆಂಟು ನಿಮಿಷ, ಒಂದು ಅಕ್ಷರ ತಪ್ಪಿಲ್ಲ.

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಗ್ರೂಪಿನಲ್ಲಿ ಕೇಳಿದೆವು. ಯಾರೂ ಮಾಡಿರಲಿಲ್ಲ. ನೀವೇ ಬೇಡ ಅಂದಿರಲ್ಲ, ಅಂದರು.

ಹೆಂಡತಿ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಸಲೀಸಿತ್ತು. ಚಹಾದ ಲೋಟ ಸರಿಸಿಟ್ಟು, ನನ್ನ ಕಡೆ ತಿರುಗಿದಳು.

"ಹೋಗಲಿ ಬಿಡಿ. ಫೋನಿಗೆ ಬರದಿದ್ದರೆ ಎಂತಾಯ್ತು? ನೀವು ಎದುರಿಗೇ ಕೂತಿದ್ರಿ. ಎಲ್ಲರೂ ಚಪ್ಪಾಳೆ ತಟ್ಟಿದರಲ್ಲ, ಅಲ್ಲಿ ನಾನು ಎಂತ ಹೇಳಿದೆ? ಅದೊಂದು ಹೇಳಿ, ಸಾಕು ನನಗೆ."

ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಅವಳ ಹಸಿರು ಸೀರೆ ನೆನಪಾಯಿತು. ಚಪ್ಪಾಳೆ ನೆನಪಾಯಿತು. ಇಷ್ಟು ವರ್ಷದಲ್ಲಿ ಅವಳು ನನ್ನಲ್ಲಿ ಕೇಳಿದ್ದೇ ಕಡಿಮೆ, ಅದರಲ್ಲಿ ಇದೊಂದು. ಎಷ್ಟು ತಡಕಾಡಿದರೂ ಅವಳ ಒಂದೇ ಒಂದು ಮಾತು ನನ್ನ ತಲೆಯಲ್ಲಿ ಇರಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ.

"ಆಗ ಹನ್ನೊಂದು ಪರ್ಸೆಂಟ್ ಇತ್ತು."

ಮಗಳು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. ಹೆಂಡತಿಯೂ ನಕ್ಕಳು. ನಕ್ಕು ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದಳು, "ಮುಗಿಯುವಾಗ?"

"ಆರು" ಅಂದೆ.